ತೆಸ್ತೀಗೊ ಎಂದರೆ ಸಾಕ್ಷಿ

ರಾಮನಗರದ ಕೋರ್ಟಿನಲ್ಲಿ ನಾನು ಕರಿ ಕೋಟು ಹಾಕಿಕೊಂಡು ಆಗಿನ್ನೂ ಎರಡನೇ ವರ್ಷ. ವಾದವೆಲ್ಲ ಸೀನಿಯರ್ ಅವರದು. ನನ್ನದು ಫೈಲು ಹಿಡಿದು ಹಿಂದೆ ನಿಲ್ಲುವ ಕೆಲಸ. ಬಿಡದಿ ಕಡೆ ಒಂದರ ಹಿಂದೊಂದು ಹೊಸ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ರಾಗಿ ಹೊಲದ ಪಕ್ಕದ ಸಣ್ಣ ರಸ್ತೆಗಳಲ್ಲೇ ಕಂಪನಿ ವ್ಯಾನು, ಇಟ್ಟಿಗೆ ಟ್ರ್ಯಾಕ್ಟರು ಎಲ್ಲ ಓಡಾಡಬೇಕಿತ್ತು.

ಒಂದು ದಿನ ಬಿಡದಿ ಹತ್ತಿರದ ಹಳ್ಳಿಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಹೆಂಡತಿಯ ಜೊತೆ ಆಫೀಸಿಗೆ ಬಂದ. ಅವನ ಟ್ರೇಲರಿಗೆ ಒಂದು ಕಂಪನಿ ವ್ಯಾನು ಗುದ್ದಿತ್ತು. ವ್ಯಾನಿನ ಡ್ರೈವರ್ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಟ್ರ್ಯಾಕ್ಟರೇ ಅಡ್ಡ ಬಂತೆಂದು ದೂರು ಕೊಟ್ಟಿದ್ದ. ಪೊಲೀಸರು ಇವನ ಮೇಲೆ ಕೇಸು ಹಾಕಿದ್ದರು.

“ನಾನು ಎಡಗಡೇಲೇ ಹೋಯ್ತಿದ್ದೆ ಕಣಮ್ಮ. ಎದುರುಗಡೆಯಿಂದ ಅವ್ನೇ ಬಸ್ಸು ಹಿಂದಾಕಾಕೆ ಬಂದು ಗುದ್ಬುಟ್ಟ. ವ್ಯಾನಲ್ಲಿ ಒಬ್ರು ಫಾರಿನ್ ಯಮ್ಮ ಕೂತಿದ್ರು. ಅವ್ರು ಎಲ್ಲಾ ನೋಡವ್ರೆ” ಅಂದ.

ಬಸ್ಸು ನಿಲ್ಲದೆ ಹೋಗಿತ್ತು, ಯಾವುದೆಂದು ಇವನಿಗೆ ಗೊತ್ತಿರಲಿಲ್ಲ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೀನಿಯರ್ ನನ್ನ ಕಡೆ ತಿರುಗಿ, ಆ ಹೆಂಗಸು ಬಾಯಿ ಬಿಟ್ಟರೆ ಮಾತ್ರ ಇವನು ಉಳಿದಾನು, ನೀನೇ ಹೋಗಿ ಮಾತಾಡಿಸು ಅಂದರು.

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಆಕೆ ಸ್ಪೇನ್ ದೇಶದ ಇಂಜಿನಿಯರ್, ಮೆಷಿನ್ ಕೂರಿಸಲು ಬಂದವಳು, ಇನ್ನು ಎರಡು ವಾರಕ್ಕೆ ವಾಪಸು. ಬೆಳಿಗ್ಗೆ ಬಿಡದಿಯ ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಸಿಗುತ್ತಾಳೆ. ಮಾರನೆಯ ದಿನ ಹೋದೆ. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಾನು ಇಂಗ್ಲಿಷಿನಲ್ಲಿ ಲಾಯರ್, ಕೋರ್ಟು, ಪೊಲೀಸ್ ಎಂದು ಶುರು ಮಾಡಿದೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮುಖ ಬಿಳಿಚಿಕೊಂಡಿತು. ಅರ್ಧ ಇಡ್ಲಿ ಬಿಟ್ಟು ಎದ್ದು ಕಂಪನಿಯ ಬೇರೆ ವ್ಯಾನು ಹತ್ತಿಬಿಟ್ಟಳು. ತನ್ನ ಮೇಲೇ ಕೇಸು ಬಿದ್ದಿದೆ ಎಂದುಕೊಂಡಿದ್ದಳೆಂದು ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದೇ ಸಂಜೆ ರಾಮನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಸ್ಪ್ಯಾನಿಷಿನಲ್ಲಿ ಸಾಕ್ಷಿಗೆ ಏನನ್ನುತ್ತಾರೆ ಎಂದು ಹುಡುಕಿದೆ. ‘ಟೆಸ್ಟಿಗೊ’ ಎಂದು ಓದಿಕೊಂಡೆ. ಆರೋಪಿಗೆ ಏನನ್ನುತ್ತಾರೆ, ವಕೀಲಳಿಗೆ ಏನು, ಅದನ್ನೂ ಚೀಟಿಯಲ್ಲಿ ಬರೆದುಕೊಂಡೆ. ಗಂಡು ವಕೀಲ ಅಬೊಗಾಡೊ, ಹೆಣ್ಣಾದರೆ ಅಬೊಗಾಡ. ಹಾಗಾದರೆ ಸಾಕ್ಷಿಗೂ ಕೊನೆಯ ಅಕ್ಷರ ಬದಲಾಗಬೇಕಲ್ಲ ಎಂದು ನಾನೇ ಲೆಕ್ಕ ಹಾಕಿ, ‘ಟೆಸ್ಟಿಗಾ’ ಎಂದು ಬಾಯಿಪಾಠ ಮಾಡಿದೆ.

ಎರಡು ದಿನ ಬಿಟ್ಟು ಮತ್ತೆ ಹೋದೆ. ನನ್ನನ್ನು ಕಂಡು ಅವಳು ಎದ್ದೇ ನಿಂತಳು. ನಾನು ದೂರದಲ್ಲೇ ನಿಂತು ಚೀಟಿ ನೋಡಿಕೊಂಡು, ನಾನು ಅಬೊಗಾಡ, ನೀವು ಆರೋಪಿ ಅಲ್ಲ, ನೀವು ಟೆಸ್ಟಿಗಾ ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನಕ್ಕು ಎದುರಿನ ಕುರ್ಚಿ ತೋರಿಸಿದಳು.

“ತೆಸ್ತೀಗೊ,” ಅಂದಳು. “ಗಂಡಸಿಗೂ ತೆಸ್ತೀಗೊ, ಹೆಂಗಸಿಗೂ ತೆಸ್ತೀಗೊ.” ಮುರುಕು ಇಂಗ್ಲಿಷಿನಲ್ಲಿ, ಹೋಟೆಲಿನ ಮಾಣಿಯನ್ನೂ ತನ್ನನ್ನೂ ತೋರಿಸುತ್ತಾ ಹೇಳಿದಳು.

ನಾನು ಮತ್ತೆ ಟೆಸ್ಟಿಗೊ ಅಂದೆ. ಅವಳು ಅಲ್ಲವೆಂದು ತಲೆಯಾಡಿಸಿ, ನಾಲಿಗೆ ತುದಿಯನ್ನು ಹಲ್ಲಿಗೆ ತಾಗಿಸಿ ತೋರಿಸಿದಳು. ಅದು ನಮ್ಮ ತಾಯಿ, ತಮ್ಮ ಅನ್ನುವಾಗಿನ ‘ತ’! ಇಂಗ್ಲಿಷ್ ಓದಿದ ನಾಲಿಗೆಯಿಂದ ಆಗದ್ದು ಮನೆ ಮಾತಿನ ನಾಲಿಗೆಯಿಂದ ಒಂದೇ ಸಲಕ್ಕೆ ಬಂತು. ನಡುವಿನ ‘ತೀ’ಯನ್ನು ಒಸಿ ಒತ್ತಬೇಕು, ಕೊನೆಯ ‘ಗೊ’ವನ್ನು ಮೆತ್ತಗೆ ಬಿಡಬೇಕು. ಇಡ್ಲಿ ಆರುವಷ್ಟು ಹೊತ್ತು ಅದನ್ನೇ ಹೇಳಿಸಿದಳು. ‘ನಾನು ಸಾಕ್ಷಿ’ ಅನ್ನಲು ‘ಸೊಯ್ ತೆಸ್ತೀಗೊ’ ಎಂದರೆ ಆಯಿತು, ಮತ್ತೇನೂ ಬೇಡ.

ಟಿಶ್ಯೂ ಕಾಗದದ ಮೇಲೆ ಅವಳೇ ರಸ್ತೆ ಬರೆದಳು, ಬಸ್ಸು ಬರೆದಳು, ಬಲಕ್ಕೆ ನುಗ್ಗಿದ ವ್ಯಾನು ಬರೆದಳು. ಟ್ರ್ಯಾಕ್ಟರನ್ನು ರಸ್ತೆಯಂಚಿನಲ್ಲಿ, ತನ್ನ ಪಾಡಿಗೆ ತಾನು ಹೋಗುವಂತೆ ಬರೆದಳು. ಆಮೇಲೆ ಪೆನ್ನು ಕೆಳಗಿಟ್ಟು, ವ್ಯಾನಿನವನ ಕೆಲಸ ಹೋಗುತ್ತದೆಯೇ ಎಂದು ಕೇಳಿದಳು. ದಿನಾ ತನ್ನನ್ನು ಕರೆತರುತ್ತಿದ್ದವನು, ಒಳ್ಳೆಯವನು ಎಂದಳು. ಗೊತ್ತಿಲ್ಲ ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಅವಳು ಆ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು, ಠಾಣೆಗೆ ಬರುತ್ತೇನೆ ಎಂದಳು.

ಠಾಣೆಯಲ್ಲಿ ನಾನು ಹೊರಗಿನ ಬೆಂಚಿನಲ್ಲೇ ಕೂತೆ. ನಾವು ಟ್ರ್ಯಾಕ್ಟರಿನವನ ಕಡೆಯವರು, ಪಕ್ಕದಲ್ಲಿದ್ದರೆ ನಾನೇ ಹೇಳಿಕೊಟ್ಟೆ ಅನ್ನುತ್ತಾರೆ. ಇನ್‌ಸ್ಪೆಕ್ಟರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನೀವು ಯಾರು ಎಂದು ಕೇಳಿದ್ದು ತೆರೆದ ಬಾಗಿಲಿನಿಂದ ಕೇಳಿಸಿತು. ಅವಳು ನಿಧಾನವಾಗಿ “ಸೊಯ್ ತೆಸ್ತೀಗೊ” ಅಂದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಹೇಳಿದಳು, ಆ ಚಿತ್ರವನ್ನೂ ಮೇಜಿನ ಮೇಲಿಟ್ಟಳು. ಹೊರಗೆ ಬಂದಾಗ ಅವಳು ಕೈ ಚಾಚಿದಳು. ನಾನು ಹಿಡಿದುಕೊಂಡೆ.

ಅವಳು ಊರಿಗೆ ಹೋದ ಮೇಲೆ ಪೊಲೀಸರು ಬಸ್ಸಿನ ಕಂಡಕ್ಟರನ್ನು ಹುಡುಕಿ ಕೇಳಿದರು. ಅವನೂ ಹಾಗೇ ಹೇಳಿದ. ಟ್ರ್ಯಾಕ್ಟರಿನವನ ತಪ್ಪಿಲ್ಲವೆಂದು ಬಿ ರಿಪೋರ್ಟ್ ಹಾಕಿ ಕೇಸು ಮುಗಿಸಿದರು. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಬಂದಿದ್ದರು. ಅವನು ಕೈ ಮುಗಿದ, ಹೆಂಡತಿ ನನ್ನ ತಲೆ ಸವರಿ, “ಚೆನ್ನಾಗಿರವ್ವ” ಅಂದಳು. ವ್ಯಾನಿನವನು ಕಾಲು ವಾಸಿಯಾದ ಮೇಲೆ ಬೇರೆ ಕಡೆ ಗಾಡಿ ಓಡಿಸುತ್ತಿದ್ದಾನೆಂದು ಆಮೇಲೆ ಕೇಳಿ ನನಗೂ ನಿರಾಳವಾಯಿತು.

ಅವರು ಹೋದ ಮೇಲೆ ಸೀನಿಯರ್ ಬೀರುವಿನಿಂದ ಇನ್ನೊಂದು ಫೈಲು ತೆಗೆದು ನನ್ನ ಮುಂದಿಟ್ಟರು. ಕನಕಪುರದ ಕೋರ್ಟಿನದು. “ಇದನ್ನ ನೀನೇ ನಡೆಸಮ್ಮ” ಅಂದರು. ನಾನು ಅಲ್ಲೇ ಕೂತು ಮೊದಲ ಪುಟದಿಂದ ಓದತೊಡಗಿದೆ.