ಬೆದರಿಕೆ ಕಾರ್ಡಿನ ಕೊನೆಯ ಸಾಲು

ಬೆಳಿಗ್ಗೆ ಕಾಫಿಯ ಹೊತ್ತಿಗೆ ಮೊಮ್ಮಗಳು ನನ್ನ ಫೋನು ಹಿಡಿದು ಕೂತಿದ್ದಳು. ನಾನೆಂದೂ ಕೊಳ್ಳದ ಲಾಟರಿಯ ಬಹುಮಾನ, ಕೂದಲು ಬೆಳೆಸುವ ಎಣ್ಣೆ, ಹೆಸರೇ ಕೇಳದ ಬ್ಯಾಂಕಿನ ಎಚ್ಚರಿಕೆ, ಹೀಗೆ ಬೇಡದ ಇಮೇಲುಗಳೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. "ಎಲ್ಲಾ ಒಟ್ಟಿಗೆ ಅಳಿಸಿಬಿಡ್ಲಾ ತಾತ?" ಅಂದಳು. "ತಡಿ ಮಗ" ಎಂದು ಫೋನು ಕಿತ್ತುಕೊಂಡೆ. ಬೋಳುತಲೆಯವನಿಗೆ ಎಣ್ಣೆಯ ಆಸೆ ಎಂದುಕೊಂಡಿರಬೇಕು, ನಕ್ಕಳು. ನಿಮಗೆ ನಿಜ ಹೇಳುತ್ತೇನೆ: ಆಗ ನನ್ನ ಮೂಗಿಗೆ ಖಾರದ ಪುಡಿಯ ಘಾಟು ಬಡಿದಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ, ಹದಿನಾರು ಎಂಬ ನಮ್ಮೂರಿನಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿತ್ತು. ರಾಗಿಗೆ ಒಂದು ಕಲ್ಲು, ಖಾರಕ್ಕೆ ಇನ್ನೊಂದು. ಬೀದಿಯ ಹೆಂಗಸರೆಲ್ಲ ಹೇಗೂ ಅಲ್ಲಿಗೆ ಬರುತ್ತಾರೆಂದು ಅಂಚೆಯವನು ಕಾಗದಗಳನ್ನು ನನ್ನ ಕಿಟಕಿಯಲ್ಲಿಟ್ಟು ಸೈಕಲ್ ಹತ್ತುತ್ತಿದ್ದ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ.

ಆ ಕಾಲದ ಪಿಡುಗೆಂದರೆ ಬೆದರಿಕೆ ಕಾರ್ಡು. ಮೇಲೆ ಯಾವುದೋ ದೇವರ ಹೆಸರು, ಕೆಳಗೆ 'ಇದನ್ನು ಓದಿದವರು ಹನ್ನೊಂದು ಜನಕ್ಕೆ ಬರೆದು ಹಾಕಬೇಕು'. ಬರೆದವನಿಗೆ ನಿಧಿ ಸಿಕ್ಕಿತು, ಹರಿದವನ ಎಮ್ಮೆ ಸತ್ತಿತು ಎಂಬ ಪುರಾಣ. ಒಬ್ಬ ಮುದುಕಿಯಂತೂ ಹೆದರಿ ಊಟವನ್ನೇ ಬಿಟ್ಟಳು. ಇಂಥವು ನನ್ನ ಕಿಟಕಿ ದಾಟಬಾರದೆಂದು ಅವತ್ತೇ ತೀರ್ಮಾನಿಸಿದೆ. ಮೊದಲ ಸಾಲು ನೋಡುವುದು, ಪಕ್ಕಕ್ಕೆ ಎಸೆಯುವುದು. ಕಲ್ಲಿನ ಬಾಯಲ್ಲಿ ಉಳಿದ ಪುಡಿ ಬಳಿಯಲು ಆ ಗಟ್ಟಿ ಕಾರ್ಡಿಗಿಂತ ಒಳ್ಳೆಯದಿಲ್ಲ. ಊರು ಕಾಯುತ್ತಿದ್ದೇನೆಂಬ ಹೆಮ್ಮೆಯೂ ಆಯಿತು, ಖಾರವೂ ಉಳಿಯಿತು.

ಚಿಕ್ಕತಾಯಮ್ಮ ರಾಗಿ ತಂದಾಗಲೆಲ್ಲ ಕೇಳುತ್ತಿದ್ದರು, "ನಮ್ಮಣಿದು ಏನಾರ ಕಾಗ್ದ ಬಂತಾ ಮಗ?" ಅವರ ಮಗಳು ಮಣಿಯನ್ನು ಮುಡುಕುತೊರೆ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ಜಗಳವಾಗಿ, ಬೀಗರು ಹೋಗಿಬರುವುದೇ ನಿಂತಿತ್ತು. ಸೊಸೆ ತವರಿಗೆ ಕಾಗದ ಬರೆಯಕೂಡದೆಂದು ಅತ್ತೆಯ ಕಟ್ಟಪ್ಪಣೆ. "ಇಲ್ಲ ಕಣವ್ವ" ಎನ್ನುತ್ತಿದ್ದೆ. ಅವರು ಹಿಟ್ಟಿನ ಡಬ್ಬ ಎತ್ತಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹೊತ್ತು ಹೋಗದೆ, ಆಗಷ್ಟೇ ಬಂದಿದ್ದ ಬೆದರಿಕೆ ಕಾರ್ಡನ್ನು ಪೂರ್ತಿ ಓದಿದೆ. ನಿಧಿ ಸಿಕ್ಕಿತು, ಎಮ್ಮೆ ಸತ್ತಿತು. ಆಮೇಲೆ, ಅದೇ ಅಕ್ಷರದಲ್ಲಿ: 'ಮುಡುಕುತೊರೆ ಕಡೆ ಒಬ್ಬ ಸೊಸೆ ಇದನ್ನು ಬರೆದಳು. ಅವಳಿಗೆ ಈಗ ಏಳು ತಿಂಗಳು. ಇದು ಮೂರನೇ ಕಾರ್ಡು. ಅವ್ವ ಬರಲಿಲ್ಲ. ಇನ್ನು ಬರೆಯುವುದಿಲ್ಲ.'

ತಿರುಗಿಸಿ ವಿಳಾಸ ನೋಡಿದೆ. ಚಿಕ್ಕತಾಯಮ್ಮನ ಗಂಡನ ಹೆಸರು. ಖಾರದ ಕಲ್ಲಿನ ಕೆಳಗೆ ಕೈಹಾಕಿ ತಡಕಿದೆ. ಕೆಂಪಗೆ ಪುಡಿ ಮೆತ್ತಿದ ಇನ್ನೊಂದು ಸಿಕ್ಕಿತು. ಅದರಲ್ಲಿ ಆ ಸೊಸೆಗೆ ನಾಲ್ಕು ತಿಂಗಳು, ಅವ್ವನ ಕೈಯ ಉಪ್ಸಾರು ಉಣ್ಣುವ ಆಸೆ. ಮತ್ತೊಂದು ಸಿಗಲೇ ಇಲ್ಲ.

ಕೊನೆಯದನ್ನು ಮಾತ್ರ ಕೊಟ್ಟು, ಮೂರನೇ ಕಾರ್ಡೆಂಬ ಮಾತನ್ನು ಓದದೆ ನುಂಗಬಹುದಿತ್ತು. ಆ ಯೋಚನೆ ಬಂತು, ಸುಳ್ಳೇಕೆ. ಆದರೆ ನುಂಗಿದರೆ ಇನ್ನೊಂದು ಕಾರ್ಡು ಎಸೆದಂತೆಯೇ. ಎರಡನ್ನೂ ಹಿಡಿದು ಅವರ ಮನೆಗೆ ಹೋದೆ. ಓದಿ, ನನ್ನ ತಪ್ಪನ್ನೂ ಹೇಳಿದೆ. ಚಿಕ್ಕತಾಯಮ್ಮ ಕಾರ್ಡುಗಳನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. "ಖಾರ ಅವ್ವ" ಎನ್ನುವಷ್ಟರಲ್ಲಿ ತಡವಾಗಿತ್ತು. ಮುಖ ತೊಳೆದು ಬಂದು, ಕೆಂಡದಂಥ ಕಣ್ಣಲ್ಲಿ ನನ್ನನ್ನು ನೋಡಿ ಹೇಳಿದರು:

"ಎದ್ರುಕೊಳ್ಳೋದು ಬುಡೋದು ನಾವ್ ನೋಡ್ಕತೀವಿ ಕಣ್ಮಗ. ನಮ್ ಕಾಗ್ದ ನಮ್ ಕೈಗ್ ಕೊಡು."

ಮಾರನೆಯ ಬೆಳಿಗ್ಗೆ ತಂಬಿಟ್ಟಿನ ಗಂಟು ಹೊತ್ತು ಟಿ. ನರಸೀಪುರದ ಬಸ್ಸು ಹತ್ತಿದರು. ಅವರು ಬರುವತನಕ ನಾನು ಬೀಸಿದ ಹಿಟ್ಟೆಲ್ಲ ತರಿತರಿ; ಕಲ್ಲಿನ ಕಡೆ ಯಾರಿಗೆ ಗಮನ? ಒಂದು ಸಂಜೆ ಬಸ್ಸಿನಿಂದ ತಾಯಿ ಇಳಿದರು, ಹಿಂದೆಯೇ ಮೆಲ್ಲಗೆ ಮಗಳು. ಮಿಲ್ಲಿನ ಒಳಗೇ ನಿಂತು ದೊಡ್ಡದಾಗಿ ಉಸಿರುಬಿಟ್ಟೆ.

ಮಣಿ ತಾನೇ ಬಂದಳು. "ಅಣ್ಣ, ನನ್ ಕಾರ್ಡಲ್ಲಿ ಖಾರ ಬಳುದ್ರಂತೆ. ಚೆನ್ನಾಗ್ ಬತ್ತಿತ್ತಾ?"

ಅವಳೇ ನಗುತ್ತ ಉಳಿದದ್ದು ಹೇಳಿದಳು. ಓದು ಬಾರದ ಅತ್ತೆಗೆ ದೇವರ ಕಾರ್ಡೆಂದರೆ ಭಯ. ಅಂಥದು ಬಂದಾಗಲೆಲ್ಲ ಹನ್ನೊಂದನ್ನೂ ಸೊಸೆಯ ಕೈಲೇ ಬರೆಸುತ್ತಿದ್ದರಂತೆ. "ಮೊದ್ಲು ನಿಮ್ಮಪ್ಪನ್ ಮನೆಗೇ ಬರಿ, ದೋಸ ಅಲ್ಲಿಗೇ ಓಗ್ಲಿ ಅಂತಿದ್ರು ಕಣಣ್ಣ."

ಅಂದಿನಿಂದ ಕಿಟಕಿಯಲ್ಲಿ ಬೆದರಿಕೆ ಕಾರ್ಡುಗಳಿಗೆ ಬೇರೆ ಡಬ್ಬ ಇಟ್ಟೆ. ಯಾರ ಹೆಸರಿಗೆ ಬಂದಿದೆಯೋ ಅವರೇ ಬಂದು ಓದಿಸಿ ಕೇಳುತ್ತಿದ್ದರು, ಹೆದರುವವರಿಗೆ ಧೈರ್ಯ ಹೇಳುತ್ತಿದ್ದೆ, ಹರಿಯುವುದು ಅವರ ಕೈಯಲ್ಲೇ.

ಮೊಮ್ಮಗಳಿಗೆ ಕಾಲೇಜಿಗೆ ಹೊತ್ತಾಯಿತು, ಹೊರಟಳು. ನಾನು ಕನ್ನಡಕ ಹಾಕಿಕೊಂಡು ಲಾಟರಿ, ಎಣ್ಣೆ, ಬ್ಯಾಂಕು ಎಲ್ಲವನ್ನೂ ಒಂದೊಂದಾಗಿ ಕೊನೆಯ ಸಾಲಿನವರೆಗೂ ಓದಿದೆ. ಯಾರ ಮಗಳೂ ಇರಲಿಲ್ಲ. ನೆಮ್ಮದಿಯಾಗಿ ಅಳಿಸಿದೆ.