ಅವ್ವನ ಹಿಮ್ಮಡಿ

ಎಲುಬಿನ ಗಟ್ಟಿತನ ಅಳೆಯುವ ಯಂತ್ರ ಬನಹಟ್ಟಿಗೆ ಬರುತ್ತದೆ, ಅದು ನೋಡುವುದು ಹಿಮ್ಮಡಿಯನ್ನು ಎಂದು ನಾನು ಹೇಳಿದ್ದಕ್ಕೆ, ತಪಾಸಣೆಯ ಹಿಂದಿನ ಸಂಜೆ ನಮ್ಮ ಓಣಿಯ ಹೆಂಗಸರೆಲ್ಲ ಬಚ್ಚಲಲ್ಲಿ ಹಿಮ್ಮಡಿ ತಿಕ್ಕುತ್ತ ಕೂತರು. ಅವ್ವನಂತೂ ಬಿರುಕುಗಳನ್ನು ಕಲ್ಲಿನಿಂದ ತಿಕ್ಕಿ ತಿಕ್ಕಿ ಕೊಬ್ಬರಿ ಎಣ್ಣೆ ಹಚ್ಚಿದಳು.

“ಅದು ಚರ್ಮ ನೋಡೂದಿಲ್ಲ ಬೇ, ಒಳಗಿನ ಎಲುಬು ನೋಡ್ತೈತಿ,” ಎಂದೆ.

“ಒಳಗ ಹೋಗೂ ಮುಂದ ಹೊಸ್ತಲಾ ನೋಡೂದಿಲ್ಲೇನು?” ಎಂದು ನನ್ನನ್ನೇ ಕೇಳಿದಳು.

ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಕೈಯೂರಿದ್ದಕ್ಕೇ ಅವ್ವನ ಮಣಿಕಟ್ಟು ಮುರಿದಿತ್ತು. ಅಷ್ಟಕ್ಕೇ ಮುರಿಯಿತಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ಅವಳ ಚಿಂತೆ ಬೇರೆ: ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವುದು. ಅಲ್ಲಿಯ ಗುಡಿಯ ತಾಯಿ ನಮ್ಮ ಕಡೆಯವರಿಗೆ ಮನೆಮಗಳು; ತವರಿನ ಸೀರೆ ನಾವೇ ಒಯ್ಯಬೇಕು. ಓಣಿಯ ತುಂಬ ಪಾವರ್‌ಲೂಮಿನ ಸದ್ದಿದ್ದರೂ ಆ ಒಂದು ಸೀರೆಗಾಗಿ ಅವ್ವ ವರ್ಷವೂ ಕೈಮಗ್ಗದ ಕುಣಿಗೆ ಇಳಿಯುತ್ತಿದ್ದಳು. ನೇಯ್ದದ್ದನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದಳು. ನಾನು ಜಮಖಂಡಿಯ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವಳು. ಬಸ್ಸಿರುವಾಗ ಕಾಲೇಕೆ ಸವೆಸಬೇಕೆಂದು ಜಗಳ ತೆಗೆದರೆ, “ಮಗಳ ಸೀರಿ ಯಾರರೆ ಪಾರ್ಸಲ್ ಮಾಡ್ತಾರೇನ ಲೇ?” ಎಂದು ತಿರುಗಿ ಕೇಳುತ್ತಿದ್ದಳು.

ತಪಾಸಣೆಯ ದಿನ ಮಾತ್ರ ಅವಳು ಹಿಂದೆ ಸರಿದಳು. ಸಣ್ಣ ಪೆಟ್ಟಿಗೆಯಂಥ ಯಂತ್ರ, ನಡುವೆ ಪಾದ ಇಡುವ ತಗ್ಗು. “ಮೊದಲ ನೀ ಇಡು,” ಎಂದು ನನ್ನನ್ನು ಮುಂದೆ ತಳ್ಳಿದಳು. ಅಲ್ಲಿದ್ದ ಹುಡುಗಿ ನನ್ನ ಹಿಮ್ಮಡಿಗೆ ತಣ್ಣಗಿನ ಜೆಲ್ ಸವರಿ, “ಅಲ್ಲಾಡಬ್ಯಾಡ್ರಿ,” ಎಂದಳು. ನಮಗೆ ಕೇಳಿಸದ ಸದ್ದೊಂದು ಎಲುಬನ್ನು ಹಾದು ಹೋಗುತ್ತದಂತೆ. ಅದು ಹಾದುಹೋಗುವ ರೀತಿಯಿಂದ ಎಲುಬಿನ ಸ್ಥಿತಿ ತಿಳಿಯುತ್ತದಂತೆ. ಪರದೆಯ ಮೇಲೆ ನನ್ನದು ಹಸಿರು ಬಂತು.

ಅವ್ವನದು ಕೆಂಪು ಬಂತು. “ಇನ್ನೊಂದ ಕಾಲ ನೋಡ ತಂಗಿ, ಅದು ಗಟ್ಟಿ ಐತಿ,” ಎಂದು ಅವಳೇ ಸೀರೆ ಸರಿಸಿ ಇಟ್ಟಳು. ಅದೂ ಕೆಂಪೇ.

“ಇದು ಸೂಚನಾ ಅಷ್ಟರಿ. ಖಾತ್ರಿಗೆ ದೊಡ್ಡ ಸ್ಕ್ಯಾನ್ ಮಾಡಸ್ರಿ,” ಎಂದರು ಡಾಕ್ಟರಮ್ಮ. ಬಾಗಲಕೋಟೆಯಲ್ಲಿ ಮಾಡಿಸಿದ ಸ್ಕ್ಯಾನೂ ಅದನ್ನೇ ಹೇಳಿತು. ಗುಳಿಗೆ ಶುರುವಾಯಿತು. ಊರೊಳಗೆ ದಿನಾ ನಡೆಯಬೇಕು, ಆದರೆ ಕಾಡಿನ ಕಲ್ಲುದಾರಿ ಬೇಡ, ಬಿದ್ದರೆ ಸೊಂಟ ಮುರಿದೀತು ಎಂದರು. ಇಷ್ಟು ವರ್ಷದ ಜಗಳ ಗೆದ್ದೆನೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದವಳೇ ಅವ್ವ ಮಗ್ಗದ ಮುಂದೆ ಹೋಗಿ ಕೂತಳು.

ಆದರೂ ಸೀರೆ ನೇಯ್ದಳು. ಮುಗಿದ ದಿನ ಅರಿಷಿಣ ಕುಂಕುಮ ಹಚ್ಚಿ ತಂದು ನನ್ನ ಮಡಿಲಿಗೆ ಹಾಕಿದಳು.

“ನಿನ್ನ ಎಲುಬ ಗಟ್ಟಿ ಅದಾವಂತ ಮಷಿನ್ನ ಹೇಳೇತಿ. ನೀ ನಡಿ.”

“ನನಗ ರಜಾ ಇಲ್ಲ ಬೇ.”

“ನಿನಗ ರಜಾ ಇಲ್ಲ, ನನಗ ಎಲುಬಿಲ್ಲ. ಆ ತಾಯಿಗೆ ‘ನಿನಗ ತವರಮನಿ ಇಲ್ಲ’ ಅಂತ ಯಾರ ಹೇಳಾವ್ರು?”

ಮಾರನೆಯ ದಿನವೇ ರಜೆಗೆ ಅರ್ಜಿ ಕೊಟ್ಟೆ. ದೇವರ ಮೇಲಿನ ಭಕ್ತಿಯಿಂದಲ್ಲ, ಅವ್ವನಿಗಾಗಿ.

ಓಣಿಯವರ ಜೊತೆ ಹೊರಟೆ. ಬ್ಯಾಂಕಿನ ಕುರ್ಚಿ ಕಂಡ ಕಾಲಲ್ಲಿ ಬೇಗನೆ ಬೊಬ್ಬೆ ಎದ್ದವು. ಬಯಲಿನ ಬಿಸಿಲು ಮುಗಿದು ಕಾಡಿನ ಕಲ್ಲು ಬರುವಷ್ಟರಲ್ಲಿ ಹಿಮ್ಮಡಿ ಸೀಳಿತ್ತು. ಅವ್ವನನ್ನು ಬೈಯುತ್ತಲೇ ಬೆಟ್ಟ ಹತ್ತಿದೆ. ಗಂಟನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಅವ್ವ ಬಸ್ಸಿನಲ್ಲಿ ಶ್ರೀಶೈಲಕ್ಕೆ ಬಂದು ಛತ್ರದ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸೀರೆಯ ಗಂಟನ್ನು ಅವಳ ಮುಂದೆ ಚಾಚಿದೆ. ಅದನ್ನು ಬದಿಗಿಟ್ಟು ನನ್ನನ್ನು ಕೂಡಿಸಿಕೊಂಡು, ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು. ಒಂದೊಂದೇ ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದಳು. ಕೆಂಪು ಬಂದ ದಿನ ಒಂದು ಹನಿ ಕಣ್ಣೀರು ಹಾಕದವಳ ಕಣ್ಣು ಈಗ ತುಂಬಿತ್ತು. ತಾನು ನಡೆಯದ ದಾರಿಯನ್ನು ನನ್ನ ಹಿಮ್ಮಡಿಯಲ್ಲಿ ನೋಡುತ್ತಿದ್ದಾಳೆ ಎಂದು ತಿಳಿದು ನನಗೂ ಅಳು ಬಂತು. ನಾಚಿಕೆಯಾಗಿ ಕಾಲು ಎಳೆದುಕೊಳ್ಳಲು ಹೋದೆ.

“ಅಲ್ಲಾಡಬ್ಯಾಡ, ನೋಡಾಕತ್ತೇನಿ,” ಎಂದಳು.