ಮುದಗಲ್ಲಿನ ಜೀರ್ ಎನ್ನುವ ಮೆಟ್ಟು

ಮೊನ್ನೆ ಮೊಮ್ಮಗ ಹೊಸ ಬೂಟು ಕಾಲು ಕಚ್ಚುತ್ತದೆಂದು ಗೊಣಗುತ್ತಿದ್ದ. ಹರಳೆಣ್ಣೆ ಸವರಿ ಬಿಸಿಲಿಗಿಡು ಎಂದೆ. ಇಟ್ಟ. ಮಧ್ಯಾಹ್ನದ ಹೊತ್ತಿಗೆ ಕಾದ ತೊಗಲು ಮತ್ತು ಹರಳೆಣ್ಣೆ ಕೂಡಿದ ವಾಸನೆ ಪಡಸಾಲೆಯ ತನಕ ಬಂತು. ನಾನು ಅಕ್ಕಿ ಆರಿಸುತ್ತಿದ್ದೆ. ಕೈ ನಿಂತಿತು. ಅದು ನಮ್ಮ ಮಾವನವರ ಮೆಟ್ಟಿನ ವಾಸನೆ.

ನಾನು ಲಿಂಗಸುಗೂರಿನ ಆ ಮನೆಗೆ ಸೊಸೆಯಾಗಿ ಹೋದದ್ದು ನಿಜಾಮನ ಕಾಲದಲ್ಲಿ. ಅಷ್ಟರಲ್ಲಿ ಅತ್ತೆ ತೀರಿಹೋಗಿದ್ದರು. ಮಾವನವರದು ಪೇಟೆಯಲ್ಲಿ ಕಾಳಿನ ಅಂಗಡಿ. ಕಿರಿಯ ಮಗ, ಅಂದರೆ ನನ್ನ ಗಂಡ, ಅವರ ಜೊತೆಗೆ ಅಲ್ಲೇ ಕೂರುತ್ತಿದ್ದರು. ಹಿರಿಯ ಮಗ ಹೈದರಾಬಾದಿನ ಒಂದು ದಫ್ತರದಲ್ಲಿ ಗುಮಾಸ್ತರು, ಹಬ್ಬಕ್ಕೆ ಮಾತ್ರ ಬರುವವರು. ಅವರ ಹೆಂಡತಿ ಊರಲ್ಲೇ ಇದ್ದಳು. ಪಾಮನಕಲ್ಲೂರಿನ ಹೆಣ್ಣು, ನನ್ನ ನೆಗೆಣ್ಣಿ. ನಾನು ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ.

ಮಾವನವರು ಹೊತ್ತು ತಪ್ಪುವವರಲ್ಲ. ನಸುಕಿನಲ್ಲಿ ಜಳಕ, ಲಿಂಗಪೂಜೆ, ರೊಟ್ಟಿ, ಅಂಗಡಿ. ಬಿಸಿಲೇರಿದಾಗ ಊಟಕ್ಕೆ ಮನೆಗೆ. ಮಾತು ಕಡಿಮೆ. ಸೊಸೆಯಂದಿರ ಜೊತೆ ಮತ್ತೂ ಕಡಿಮೆ. ಆದರೆ ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಮುದಗಲ್ಲಿನಲ್ಲಿ ಒಬ್ಬ ಮುದುಕ ಹೊಲಿದು ಕೊಡುತ್ತಿದ್ದ ಮೆಟ್ಟು ಅವು. ಎರಡು ಪದರು ತೊಗಲಿನ ನಡುವೆ ಏನೋ ಇಟ್ಟು ಹೊಲಿಯುತ್ತಿದ್ದನಂತೆ. ಏನೆಂದು ಯಾರಿಗೂ ಹೇಳಲಿಲ್ಲ. ಹೆಜ್ಜೆ ಇಟ್ಟರೆ ಜೀರ್, ಎತ್ತಿದರೆ ಜೀರ್. ಓಣಿಯ ತಿರುವಿನಲ್ಲೇ ಅಡಿಗೆಮನೆಗೆ ಕೇಳುತ್ತಿತ್ತು. ಅವರು ಬಾಗಿಲಿಗೆ ಬಂದು ಮೆಟ್ಟು ಬಿಟ್ಟು ಕಾಲು ತೊಳೆಯುವುದರೊಳಗೆ ನಮ್ಮ ತಲೆಯ ಮೇಲೆ ಸೆರಗು, ಬಾಯಿಗೆ ಬೀಗ.

ಅಲ್ಲಿಯ ತನಕ ಮಾತ್ರ ಅಡಿಗೆಮನೆ ನಮ್ಮದು. ತವರು ನೆನೆದು ನಾನು ರೊಟ್ಟಿ ಬಡಿಯುತ್ತಲೇ ಅಳುತ್ತಿದ್ದ ದಿನಗಳವು. ಅಕ್ಕ ನನ್ನನ್ನು ನಗಿಸಿ ನಗಿಸಿ ಆ ಮನೆಯವಳನ್ನಾಗಿ ಮಾಡಿದಳು. ಆಕೆಗೆ ಬರದ ವೇಷವಿಲ್ಲ. ಬಳೆಗಾರನಾಗುವಳು, ಉರ್ದುವಿನಲ್ಲಿ ಗದರಿಸುವ ಕಚೇರಿ ಜವಾನನಾಗುವಳು, ನನ್ನ ಗಂಡನೂ ಆಗುವಳು. ಎಲ್ಲಕ್ಕಿಂತ ಚಂದ ಮಾಡುತ್ತಿದ್ದದ್ದು ಮಾವನವರನ್ನು... ಅದನ್ನು ನೆನೆದರೆ ಈಗಲೂ ಪಕ್ಕೆ ನೋಯುತ್ತದೆ.

ಒಂದು ಬೇಸಿಗೆಯಲ್ಲಿ ಆ ಮೆಟ್ಟು ಸವೆದು ಹರಿದವು. ಹೊಸ ಜೋಡಿಗೆ ಮುದಗಲ್ಲಿಗೆ ಹೇಳಿ ಕಳಿಸಿದರೆ, ಮುದುಕ ತೀರಿಕೊಂಡ ಸುದ್ದಿ ಬಂತು. ಅದೇ ಹೊತ್ತಿಗೆ ಹಬ್ಬಕ್ಕೆ ಬಂದ ಹಿರಿಯ ಮಗ ತಂದೆಗೆಂದು ರಬ್ಬರಿನ ಅಟ್ಟೆಯ ಕ್ಯಾನ್ವಾಸ್ ಬೂಟು ತಂದಿದ್ದರು. "ಹಾಕ್ಕೊಂಡು ನೋಡ್ರಿ ಅಪ್ಪಾ. ಹತ್ತಿ ಮ್ಯಾಲೆ ನಡದಂಗ ಆಕೈತಿ" ಎಂದರು. ಮಗನ ಮನಸ್ಸು ನೋಯಬಾರದೆಂದು ಮಾವನವರು ಹಾಕಿಕೊಂಡರು. ಧೋತರ, ರುಮಾಲು, ಕೆಳಗೆ ಬಿಳಿ ಬೂಟು. ಅಕ್ಕ ಸೆರಗನ್ನು ಬಾಯಲ್ಲಿ ತುರುಕಿಕೊಂಡು ಒಳಗೆ ಓಡಿದಳು.

ಮಗ ಹೈದರಾಬಾದಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಅಕ್ಕ ಒಲೆಯ ಬಟ್ಟೆಯನ್ನು ರುಮಾಲಿನಂತೆ ಸುತ್ತಿಕೊಂಡಳು. ಕೈಯಲ್ಲಿ ಲಟ್ಟಣಿಗೆ. ಬಾಯಲ್ಲಿ ಜೀರ್, ಜೀರ್ ಎನ್ನುತ್ತ ಅಡಿಗೆಮನೆಯ ಉದ್ದಕ್ಕೂ ನಡೆದು, ಮಾವನವರದೇ ದಪ್ಪ ದನಿಯಲ್ಲಿ, "ಏ ಯಾರದೀರಿ ಒಳಗ? ಚರಿಗಿ ಎಲ್ಲಿ ಇಟ್ಟೀರಿ? ಮನಿ ಐತೋ ಧರ್ಮಶಾಲಿ ಐತೋ?" ಎಂದಳು. ನಾನು ನಕ್ಕು ನಕ್ಕು ನೆಲ ಹಿಡಿದಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಮಾವನವರು; ರಬ್ಬರಿನ ಬೂಟು ಬಂದದ್ದು ಕೇಳಿಯೇ ಇರಲಿಲ್ಲ. ಅಕ್ಕನ ಬೆನ್ನು ಅವರ ಕಡೆಗಿತ್ತು. ಕಣ್ಸನ್ನೆ ಮಾಡಿದೆ, ಕೈ ಬೀಸಿದೆ. ಆಕೆ ಅದನ್ನೂ ನಗುವೆಂದೇ ತಿಳಿದು ಇನ್ನೊಂದು ಸುತ್ತು ಜೀರ್ ಜೀರ್ ಎಂದು ತಿರುಗಿದಳು. ಆಗ ಕಂಡಳು.

ಮಾವನವರು ಹಿಂದಿರುಗಿ, ಬೂಟು ಹಾಕಿಕೊಂಡು, ಉಣ್ಣದೆ ಅಂಗಡಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅಕ್ಕ ವೇಷ ಕಟ್ಟುವುದನ್ನು ಬಿಟ್ಟಳು. ಮಾವನವರಿಗೆ ಎದುರಾಗಬೇಕಾದ ಕೆಲಸವನ್ನೆಲ್ಲ ನನ್ನ ಕೈಗೆ ಹಾಕಿದಳು. "ಯಾವ ಮಖಾ ಇಟಗೊಂಡು ಅವರ ಮುಂದ ನಿಂದ್ರಲೇ ತಂಗಿ? ನಾ ತವರಿಗೆ ಹೋಗಿಬಿಡ್ತೀನಿ. ನಮ್ಮನಿಯವರು ಹೈದರಾಬಾದಿನ್ಯಾಗ ಮನಿ ಮಾಡಿದ್ರ ಅಲ್ಲಿಗೆ ಹೋಗ್ತೀನಿ. ಈ ಮನಿಗೆ ಮಾತ್ರ ಬರಂಗಿಲ್ಲ" ಎಂದಳು. ಬಂಡಿ ಕಳಿಸಲು ಪಾಮನಕಲ್ಲೂರಿಗೆ ಹೇಳಿಯೂ ಕಳಿಸಿದಳು. ಅಕ್ಕನಿಲ್ಲದ ಆ ಮನೆಯಲ್ಲಿ ನಾನು ಯಾರ ಜೊತೆ ಬದುಕಬೇಕು?

ಮಾವನವರಿಗೂ ಸುದ್ದಿ ಮುಟ್ಟಿತ್ತು. ಅಂಗಡಿಯಲ್ಲಿ ಅವರು ಹೇಳಿದ್ದನ್ನು ನನ್ನ ಗಂಡ ನನಗೆ ತಿಳಿಸಿದರು. "ಹೆಣ್ಮಕ್ಕಳು ಇರೋ ಮನಿಗೆ ಗಂಡಸು ಸಪ್ಪಳಿಲ್ಲದ ಬರಬಾರದಪಾ. ಅದು ಕಳ್ಳರ ನಡಿಗಿ. ಆ ಮುದುಕನ ಕಡೆ ನಾ ಯಾಕ ಅಂಥಾ ಮೆಟ್ಟು ಹೊಲಿಸ್ತಿದ್ದೆ ಅಂತ ಮಾಡೀದಿ, ಷೋಕಿಗೇನು?"

ಆ ಸದ್ದು ನಮಗಾಗಿಯೇ ಇತ್ತು ಎಂಬುದು ನನಗೆ ಗೊತ್ತಾದದ್ದು ಆಗ.

ಮರುದಿನ ಅವರು ಅಂಗಡಿಯನ್ನು ಮಗನಿಗೆ ಬಿಟ್ಟು ಬಂಡಿ ಕಟ್ಟಿಸಿದರು. ಮುದಗಲ್ಲಿನಲ್ಲಿ ಮುದುಕನ ಮನೆಯವರು ಆ ಕೆಲಸ ಕಲಿತಿರಲಿಲ್ಲ. ಅಲ್ಲಿಂದ ಮಸ್ಕಿಗೆ ಹೋದರು. ಅಲ್ಲೊಬ್ಬ ತಾನು ಮಾಡಿಕೊಡುತ್ತೇನೆಂದ. ಮಾವನವರು ಅಲ್ಲೇ ಉಳಿದು ಹೊಲಿಸಿಕೊಂಡರು. ಒಂದು ಹೊತ್ತೂ ಅಂಗಡಿ ಬಿಡದ ಮನುಷ್ಯ, ಮೆಟ್ಟಿಗಾಗಿ ಪರಊರಲ್ಲಿ ಕಾದು ಕೂತರು.

ಅಕ್ಕನ ತವರಿನ ಬಂಡಿ ಬಂದು ಬಾಗಿಲಲ್ಲಿ ನಿಂತಿತ್ತು. ಎತ್ತಿಗೆ ಮೇವು ಹಾಕಿ, ಬಂಡಿ ಹೊಡೆಯುವವನಿಗೆ ಊಟಕ್ಕಿಟ್ಟು, ಅಕ್ಕ ಗಂಟು ಕಟ್ಟುತ್ತಿದ್ದಳು. ನಾನು ಒಲೆಯ ಮುಂದೆ ಹೊಗೆಯ ನೆಪದಲ್ಲಿ ಕಣ್ಣೊರೆಸುತ್ತಿದ್ದೆ. ಆಗ ಓಣಿಯ ತಿರುವಿನಲ್ಲಿ ಕೇಳಿತು. ಜೀರ್... ಆಮೇಲೆ ಏನಿಲ್ಲ. ಮತ್ತೆ, ಜೀರ್... ಮತ್ತೆ ಏನಿಲ್ಲ. ಬಲಗಾಲಿನ ಮೆಟ್ಟು ಮಾತ್ರ ಕೂಗುತ್ತಿತ್ತು; ಎಡದ್ದು ಮೂಕ.

ಅಕ್ಕನ ಕೈ ಗಂಟಿನ ಮೇಲೆಯೇ ನಿಂತಿತು. ಕಿವಿಗೊಟ್ಟಳು. ತುಟಿ ಬಿಗಿಹಿಡಿದಳು. "ಏನವಾ ತಂಗಿ ಇದು... ಮಾವಾರು ಒಂದ ಕಾಲಾಗ ಬರಾಕತ್ತಾರೇನು?" ಎಂದವಳೇ, ತಡೆಯಲಾರದೆ ಗೊಳ್ಳೆಂದು ನಕ್ಕಳು. ನಾನೂ ನಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು.

ಬಾಗಿಲಿನ ಹತ್ತಿರ ಬಂದಿದ್ದ ಸದ್ದು ನಿಂತಿತು. ಇನ್ನೇನು ಒಳಗೆ ಬರುತ್ತಾರೆ ಎಂದು ಸೆರಗು ಎಳೆದುಕೊಂಡರೆ, ಜೀರ್ ಎನ್ನುತ್ತ ಅದು ಓಣಿಯ ತಿರುವಿನ ಕಡೆಗೇ ಹೋಯಿತು. ನಾವು ನಕ್ಕು ಮುಗಿಸುವ ತನಕ ಅಲ್ಲೇ ಇತ್ತು. ಆಮೇಲೆ ನಿಧಾನವಾಗಿ ಮರಳಿತು.

"ಯವ್ವಾ, ಒಂದ ಚರಿಗಿ ನೀರು ತಾ" ಎಂದು ಹೊರಗಿನಿಂದ ಕೂಗಿದರು. ನಾನು ಏಳಲಿಲ್ಲ. ಅಕ್ಕನೇ ಎದ್ದು ಹೋದಳು. ಮಾವನವರು ಆಕೆಯ ಮುಖ ನೋಡದೆ, ಕಾಲ ಮೇಲೆ ನೀರು ಸುರಿದುಕೊಳ್ಳುತ್ತ ಹೇಳಿದರು: "ಬಲದ್ದು ಬಾಯಿ ಬಿಟ್ಟೈತಿ. ಎಡದ್ದಕ್ಕ ನೀನ ಕಲಿಸವಾ. ನಿನಗ ಬರೋಬ್ಬರಿ ಬರ್ತೈತಿ."

ಪಾಮನಕಲ್ಲೂರಿನ ಬಂಡಿ ಅಂದು ಬರಿದಾಗಿ ಮರಳಿತು.

ಆ ಒಂಟಿ ಸದ್ದಿನ ಮೆಟ್ಟನ್ನು ಮಾವನವರು ಹರಿಯುವ ತನಕ ಮೆಟ್ಟಿದರು. ನಿಜಾಮನ ರಾಜ್ಯ ಹೋದ ಮೇಲೂ ಕೆಲವು ವರ್ಷ ಇದ್ದರು. ಆಮೇಲೆ ಅವರೂ ಹೋದರು, ಅಕ್ಕನೂ... ಹೋಗಿ ಬಹಳ ದಿನವಾಯಿತು. ಅಂಥ ಮೆಟ್ಟು ಹೊಲಿಯುವವರು ಆಮೇಲೆ ನಮ್ಮ ಕಡೆ ಯಾರೂ ಬರಲಿಲ್ಲ.

ನಿನ್ನೆ ಪೇಟೆಗೆ ಹೋದಾಗ ಚಪ್ಪಲಿ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವ ನಕ್ಕ. "ಸಪ್ಪಳ ಬಂದ್ರ ಮಂದಿ ವಾಪಸ್ ತರ್ತಾರ್ರೀ ಅಮ್ಮಾ. ಸಪ್ಪಳ ಬರದಂಥಾದ್ದು ಕೊಡ್ತೀನಿ, ಒಯ್ರಿ" ಎಂದ. ಬೇಡವೆಂದು ಎದ್ದು ಬಂದೆ.

ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಸೊಸೆಯಂದಿರಿಬ್ಬರೂ ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಒಬ್ಬಳು ಯಾರದೋ ದನಿ ತೆಗೆದು ಮಾತಾಡುತ್ತಿದ್ದಳು, ನನ್ನದೇ ಇರಬೇಕು. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಹಿಂದಿರುಗಿ ಓಣಿಗೆ ಹೋಗಿ ಬರೋಣವೆಂದರೆ ಮೊಣಕಾಲು ಕೇಳಲಿಲ್ಲ. ಒಳಗೆ ಕಾಲಿಟ್ಟೆ. ನಗು ನಿಂತಿತು.